ವೈಲ್ಡ್‌ಕ್ಯಾಟ್ ಕಾರ್ಟ್ರಿಜ್‌ಗೆ ಡೈ ಆರಿಸೋದು, ಕೇಸ್ ಸೈಜ್ ಮಾಡೋದು: ಹೆಸರು ಬಿಡಿ, ಚೇಂಬರ್ ಅಳೀರಿ

ರೀಲೋಡಿಂಗ್‌ನಲ್ಲಿ, ಅಂದ್ರೆ ಹೊಡೆದ ಕೇಸನ್ನ (ಕಾರ್ಟ್ರಿಜ್‌ನ ಹಿತ್ತಾಳೆ ಕೊಳವೆ) ಮತ್ತೆ ತುಂಬಿ ಬಳಸೋದ್ರಲ್ಲಿ, ಚೆನ್ನಾಗಿ ಪಳಗಿದವರು ಕೂಡ ವೈಲ್ಡ್‌ಕ್ಯಾಟ್ ಅಂದ ತಕ್ಷಣ ಕೇಳೋದು "ಇದಕ್ಕೆ ಯಾವ ಕಂಪನಿ ಡೈ ತಗೊಳ್ಳೋದು" ಅಂತ. (ಡೈ ಅಂದ್ರೆ ಕೇಸನ್ನ ಒತ್ತಿ ಅಳತೆಗೆ ತರೋ ಅಚ್ಚು.) ಕೇಳೋದ್ರಲ್ಲಿ ತಪ್ಪೇನಿಲ್ಲ, ಆದ್ರೆ ಅದು ಎರಡನೇ ಪ್ರಶ್ನೆ. ಮೊದಲನೇದು "ನನ್ನ ರೈಫಲ್ ಚೇಂಬರ್ (ಬ್ಯಾರಲ್ ಹಿಂಭಾಗದಲ್ಲಿ ಕಾರ್ಟ್ರಿಜ್ ಕೂರೋ ಜಾಗ) ಅಳತೆ ಎಷ್ಟು" ಅನ್ನೋದು. ಅದಕ್ಕೆ ಉತ್ತರ ಸಿಕ್ಕಿದ್ರೆ ಡೈ ಯಾವುದು ಅನ್ನೋದು ಅರ್ಧ ತಾನಾಗೇ ತೀರ್ಮಾನ ಆಗತ್ತೆ, ಸಿಗದೆ ಇದ್ರೆ ಎಷ್ಟೇ ದುಬಾರಿ ಡೈ ತಂದ್ರೂ ಅದು ಕೇಸನ್ನ ಹಾಳು ಮಾಡತ್ತೆ ಇಲ್ಲಾ ಬೋಲ್ಟ್ (ಚೇಂಬರನ್ನ ಹಿಂದಿಂದ ಮುಚ್ಚೋ ಭಾಗ) ಮುಚ್ಚಲ್ಲ.

ಯಾಕೆ ಅಂತ ನೋಡೋಣ. .308 ವಿಂಚೆಸ್ಟರ್ ತರದ ಫ್ಯಾಕ್ಟರಿ ಕಾರ್ಟ್ರಿಜ್‌ಗೆ ಅಮೆರಿಕದ ಸಾಮಿ, ಯುರೋಪಿನ ಸಿಐಪಿ ಅನ್ನೋ ಸಂಸ್ಥೆಗಳ ಡ್ರಾಯಿಂಗ್ ಇರತ್ತೆ. ಚೇಂಬರ್ ಇದಕ್ಕಿಂತ ಚಿಕ್ಕದಿರಬಾರದು, ಕಾರ್ಟ್ರಿಜ್ ಇದಕ್ಕಿಂತ ದೊಡ್ಡದಿರಬಾರದು ಅಂತ. ರೈಫಲ್ ಮಾಡೋರು, ಡೈ ಮಾಡೋರು, ಕೇಸ್ ಮಾಡೋರು ಮೂರೂ ಜನ ಅದೇ ಡ್ರಾಯಿಂಗ್ ನೋಡ್ಕೊಂಡು ಮಾಡೋದ್ರಿಂದ ಯಾವ ಡೈ ತಂದ್ರೂ ಹೆಚ್ಚುಕಮ್ಮಿ ನಡೆಯತ್ತೆ. ವೈಲ್ಡ್‌ಕ್ಯಾಟ್ ಅಂದ್ರೆ ಅಂಥ ಡ್ರಾಯಿಂಗ್ ಇಲ್ಲದೆ ಇರೋ ಕಾರ್ಟ್ರಿಜ್. ಯಾರೋ ಒಬ್ಬರು ಈಗಾಗ್ಲೇ ಇರೋ ಕೇಸ್ ತಗೊಂಡು ಅದರ ನೆಕ್ಕನ್ನ (ಬುಲೆಟ್ ಹಿಡಿಯೋ ಕತ್ತು) ಹಿಗ್ಗಿಸಿಯೋ ಕುಗ್ಗಿಸಿಯೋ, ಶೋಲ್ಡರ್ (ಕತ್ತಿಂದ ಬಾಡಿಗೆ ಅಗಲ ಆಗೋ ಭಾಗ) ಹಿಂದಕ್ಕೆ ತಳ್ಳಿಯೋ, ಬಾಡಿ ಇಳಿಜಾರು ಕಮ್ಮಿ ಮಾಡಿಯೋ ಹೊಸದೊಂದು ಮಾಡಿರ್ತಾರೆ. ಇಲ್ಲಿ ಡ್ರಾಯಿಂಗ್ ಅಂದ್ರೆ ಗನ್‌ಸ್ಮಿತ್ ಕೈಲಿರೋ ರೀಮರ್ (ಚೇಂಬರ್ ಕೊರೆಯೋ ಕಟರ್), ಅಷ್ಟೇ. ಬ್ಯಾರಲ್ ಮೇಲೆ ಒಂದೇ ಹೆಸರು ಕೊರೆದಿರೋ ಎರಡು ರೈಫಲ್‌ಗಳ ನೆಕ್ ವ್ಯಾಸ ನಾಲ್ಕೈದು ಥೌ ಬೇರೆ ಇರೋದು ಸಾಮಾನ್ಯ. (ಥೌ ಅಂದ್ರೆ ಇಂಚಿನ ಸಾವಿರದ ಒಂದು ಭಾಗ, ಸುಮಾರು 0.025 ಮಿಮೀ. ಈ ಲೆಕ್ಕ ಪೂರ್ತಿ ಥೌನಲ್ಲೇ ನಡೆಯೋದು, ಹಾಗಾಗಿ ಅದನ್ನೇ ಇಟ್ಕೊಳ್ತೀನಿ.)

ಕೆಲವು ವೈಲ್ಡ್‌ಕ್ಯಾಟ್‌ಗಳು ಆಮೇಲೆ ದೊಡ್ಡ ಕಂಪನಿ ಕೈಗೆ ಸಿಕ್ಕಿ ಫ್ಯಾಕ್ಟರಿ ಕಾರ್ಟ್ರಿಜ್ ಆಗಿಬಿಡ್ತವೆ. .22-250 ಹಾಗೇ ಆಗಿದ್ದು, .250 ಸ್ಯಾವೇಜ್ ಕೇಸನ್ನ .22ಕ್ಕೆ ಕುಗ್ಗಿಸಿ ಜನ ದಶಕಗಟ್ಟಲೆ ಹೊಡೀತಿದ್ರು, 1965ರಲ್ಲಿ ರೆಮಿಂಗ್ಟನ್ ಅದನ್ನ ತನ್ನ ಹೆಸರಲ್ಲಿ ತಂತು. .25-06 ಅಂತೂ 1969ರ ತನಕ ಕಾಯ್ತು, .35 ವೇಲೆನ್ 1988ರ ತನಕ. ಇದನ್ನ ಇತಿಹಾಸಕ್ಕೋಸ್ಕರ ಹೇಳ್ತಿಲ್ಲ. ಇಂಥ ಹೆಸರಿನ ಹಳೇ ಕಸ್ಟಮ್ ರೈಫಲ್ ನಿಮ್ಮ ಕೈಗೆ ಬಂದ್ರೆ, ಅದರ ಚೇಂಬರ್ ಕಂಪನಿ ಅಳತೆ ಬರೋಕೆ ಮುಂಚಿನದ್ದೋ ಆಮೇಲಿನದ್ದೋ ಗೊತ್ತಿರಲ್ಲ. ಅಂಗಡಿಲಿ ಸಿಗೋ ಡೈ ಆಮೇಲಿನ ಅಳತೆಗೆ ಮಾಡಿರೋದು. ಎರಡೂ ಹೊಂದ್ಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಗಾದ್ರೆ ಚೇಂಬರ್ ಅಳತೆ ಎಲ್ಲಿಂದ ತರೋದು? ಹೊಸ ಬ್ಯಾರಲ್ ಆದ್ರೆ ಗನ್‌ಸ್ಮಿತ್ ಹತ್ರ ರೀಮರ್ ಪ್ರಿಂಟ್ (ಅದರ ಅಳತೆ ಬರೆದ ಡ್ರಾಯಿಂಗ್) ಕೇಳಿ, ಕೊಡ್ತಾರೆ, ಕೊಡದೆ ಇದ್ರೆ ಕೆಲಸ ಕೊಡೋಕೆ ಮುಂಚೆ ಇನ್ನೊಂದು ಸಲ ಯೋಚನೆ ಮಾಡಿ. ಪ್ರಿಂಟ್‌ನಲ್ಲಿ ಮುಖ್ಯವಾಗಿ ನೋಡ್ಬೇಕಾದ್ದು ನಾಲ್ಕು: ಬುಡದಿಂದ 0.200 ಇಂಚು ಮೇಲಿನ ವ್ಯಾಸ, ಶೋಲ್ಡರ್ ಹತ್ರದ ವ್ಯಾಸ, ಶೋಲ್ಡರ್ ಕೋನ, ನೆಕ್ ವ್ಯಾಸ. ಪ್ರಿಂಟ್ ಇಲ್ಲ, ರೈಫಲ್ ಹಳೇದು ಅಂದ್ರೆ ಆ ಚೇಂಬರಲ್ಲೇ ಹೊಡೆದ ಕೇಸ್ ಬೇಕು. ಅದೂ ಒಂದು ಸಲ ಹೊಡೆದದ್ದಲ್ಲ, ಎರಡು ಮೂರು ಸಲ ಬರೀ ನೆಕ್ ಮಾತ್ರ ಸೈಜ್ ಮಾಡಿ ಹೊಡೆದದ್ದು, ಯಾಕಂದ್ರೆ ಮೊದಲ ಸಲಕ್ಕೆ ಹಿತ್ತಾಳೆ ಪೂರ್ತಿ ಗೋಡೆಗೆ ಅಂಟಿರಲ್ಲ, ಶೋಲ್ಡರ್ ಮೂಲೆ ಇನ್ನೂ ದುಂಡಗೇ ಇರತ್ತೆ. ಹೊಡೆದ ಕೇಸ್ ಚೇಂಬರ್‌ಗಿಂತ ಒಂದು ಥೌ ಆಸುಪಾಸು ಚಿಕ್ಕದಾಗಿ ಬರತ್ತೆ, ಹಿತ್ತಾಳೆ ಹಿಗ್ಗಿ ಆಮೇಲೆ ಸ್ವಲ್ಪ ವಾಪಸ್ ಬರೋದ್ರಿಂದ. ಆ ಸ್ವಲ್ಪ ವಾಪಸ್ ಬರೋದು ಈ ಇಡೀ ವಿಷಯದ ಜೀವ, ಮುಂದೆ ಪದೇ ಪದೇ ಬರತ್ತೆ.

ಈಗ ಡೈ ಒಳಗೆ ಏನಾಗತ್ತೆ ಅಂತ ಗೊತ್ತಿರ್ಬೇಕು, ಇಲ್ಲಾಂದ್ರೆ ಯಾವ ಡೈ ಅಂತ ಆರಿಸೋದು ಬರೀ ಊಹೆ. ಫುಲ್ ಲೆಂತ್ ಡೈಗೆ (ಕೇಸನ್ನ ಪೂರ್ತಿ ಉದ್ದಕ್ಕೂ ಸೈಜ್ ಮಾಡೋದು) ಕೇಸ್ ಹೋಗ್ತಿದ್ದ ಹಾಗೆ ಮೊದಲು ಬಾಡಿ ಬದಿಗಳು ಒತ್ತಲ್ಪಡ್ತವೆ. ಒತ್ತಿದ ಹಿತ್ತಾಳೆ ಎಲ್ಲಿಗಾದ್ರೂ ಹೋಗ್ಲೇಬೇಕಲ್ಲ, ಮೇಲಕ್ಕೆ ಹೋಗತ್ತೆ, ಹಾಗಾಗಿ ಶೋಲ್ಡರ್ ಮುಂದಕ್ಕೆ ಸರಿಯತ್ತೆ. ಕೇಸ್ ಇನ್ನೂ ಒಳಗೆ ಹೋದಾಗ ಡೈ ಶೋಲ್ಡರ್ ಇದನ್ನ ಮುಟ್ಟಿ ಹಿಂದಕ್ಕೆ ತಳ್ಳತ್ತೆ. ಅರ್ಧ ಸೈಜ್ ಮಾಡಿ ನಿಲ್ಲಿಸಿದ ಕೇಸ್, ಸೈಜ್ ಮಾಡದೆ ಇದ್ದ ಕೇಸಿಗಿಂತ ಉದ್ದ ಆಗಿರೋದು ಇದಕ್ಕೇ. "ಡೈ ಹಾಕಿದ ಮೇಲೆ ಬೋಲ್ಟ್ ಇನ್ನೂ ಬಿಗಿ ಆಯ್ತು" ಅಂತ ಗಾಬರಿ ಆಗೋರು ಬಹಳ ಜನ, ಡೈ ಕೆಟ್ಟಿಲ್ಲ, ಇನ್ನೂ ಸ್ವಲ್ಪ ಕೆಳಗೆ ತಿರುಗಿಸ್ಬೇಕು ಅಷ್ಟೇ.

ಎಷ್ಟು ಕೆಳಗೆ? ಬೋಲ್ಟ್ ಆಕ್ಷನ್ ಆದ್ರೆ ಹೊಡೆದ ಕೇಸಿನ ಶೋಲ್ಡರ್‌ನಿಂದ ಒಂದರಿಂದ ಎರಡು ಥೌ ಹಿಂದಕ್ಕೆ, ಸೆಮಿ ಆಟೋ ಆದ್ರೆ ಮೂರರಿಂದ ಐದು. ಬಾಡಿ ವ್ಯಾಸ ಬುಡದ ಹತ್ರ ಒಂದು ಥೌ, ಹೆಚ್ಚಂದ್ರೆ ಎರಡು ಕಮ್ಮಿ ಆದ್ರೆ ಸಾಕು. ಇದಕ್ಕಿಂತ ಜಾಸ್ತಿ ಒತ್ತೋ ಡೈ ಕೇಸಿನ ಆಯಸ್ಸು ತಿನ್ನತ್ತೆ. ಶೋಲ್ಡರ್ ವಿಪರೀತ ಹಿಂದೆ ಹೋದ್ರೆ ಅದಕ್ಕಿಂತ ಕೆಟ್ಟದ್ದು: ಫೈರ್ ಆದಾಗ ಕೇಸಿನ ಮುಂಭಾಗ ಗೋಡೆಗೆ ಅಂಟಿ ನಿಲ್ಲತ್ತೆ, ಬುಡ ಬೋಲ್ಟ್ ಕಡೆಗೆ ಹಿಂದೆ ಸರಿಯತ್ತೆ, ಮಧ್ಯೆ ವೆಬ್‌ನ (ಬುಡದ ದಪ್ಪ ಭಾಗ) ಸ್ವಲ್ಪ ಮೇಲೆ ಹಿತ್ತಾಳೆ ಎಳೆದು ತೆಳ್ಳಗಾಗತ್ತೆ. ಹೊರಗೆ ಹೊಳೆಯೋ ಒಂದು ಉಂಗುರ ಕಾಣತ್ತೆ, ಒಳಗೆ ತುದಿ ಬಗ್ಗಿಸಿದ ಪೇಪರ್ ಕ್ಲಿಪ್ ಬಿಟ್ಟು ಮೇಲೆ ಎಳೆದ್ರೆ ಒಂದು ಕಡೆ ತಡೆಯತ್ತೆ. ತಡೀತು ಅಂದ್ರೆ ಆ ಕೇಸ್ ಗುಜರಿಗೆ, ಇನ್ನೊಂದ್ಸಲ ಹೊಡೆಯೋಣ ಅನ್ನೋ ಮಾತೇ ಬೇಡ.

ಉಲ್ಟಾ ಸಮಸ್ಯೆನೂ ಇದೆ. ಡೈ ಬುಡದ ಹತ್ರ ಸಾಕಷ್ಟು ಒತ್ತದೆ ಇದ್ರೆ, ಮೂರ್ನಾಲ್ಕು ಸಲ ಹೊಡೆದ ಮೇಲೆ ಬೋಲ್ಟ್ ಹ್ಯಾಂಡಲ್ ಎತ್ತುವಾಗ ಕೊನೇಲಿ ಟಕ್ ಅಂತ ಗಟ್ಟಿಯಾಗತ್ತೆ. ಶೋಲ್ಡರ್ ಎಷ್ಟು ಹಿಂದೆ ತಳ್ಳಿದ್ರೂ ಇದು ಹೋಗಲ್ಲ, ಬುಡದ ವ್ಯಾಸ ಕಮ್ಮಿ ಮಾಡೋ ಬೇರೆ ಡೈಯೇ ಬೇಕು. ಗನ್‌ಸ್ಮಿತ್ ತನ್ನ ಚೇಂಬರ್ ರೀಮರಿಂದಲೇ ಸೈಜಿಂಗ್ ಡೈ ಕೊರೆದುಕೊಡ್ತೀನಿ ಅಂದ್ರೆ ಬೇಡ ಅನ್ನೋದಕ್ಕೆ ಕಾರಣ ಇದೇ: ಚೇಂಬರಿನಷ್ಟೇ ಇರೋ ಡೈ ಏನನ್ನೂ ಒತ್ತಲ್ಲ. ಸೈಜಿಂಗ್ ಡೈಗೆ ಚೇಂಬರಿಗಿಂತ ಎರಡು ಮೂರು ಥೌ ಚಿಕ್ಕದಾದ ಬೇರೆ ರೀಮರ್ ಬೇಕು. ಸೀಟಿಂಗ್ ಡೈ (ಬುಲೆಟ್ಟನ್ನ ಕೇಸಲ್ಲಿ ಕೂರಿಸೋದು) ವಿಷಯ ಬೇರೆ, ಅದನ್ನ ಚೇಂಬರ್ ರೀಮರಲ್ಲೇ ಕೊರೆದ್ರೆ ಕೇಸ್ ಚೇಂಬರಲ್ಲಿ ಕೂತ ಹಾಗೇ ನೇರವಾಗಿ ಕೂರತ್ತೆ, ಬುಲೆಟ್ ವಾರೆ ಆಗಲ್ಲ. ವಿಲ್ಸನ್ ತರದ ಇನ್‌ಲೈನ್ ಸೀಟರ್ ಬ್ಲ್ಯಾಂಕ್‌ಗಳನ್ನ ಜನ ಹಾಗೇ ಮಾಡಿಸ್ಕೊಳ್ತಾರೆ.

ಇಷ್ಟು ಗೊತ್ತಾದ್ರೆ ಡೈ ಆರಿಸೋದು ನಿಮ್ಮ ವೈಲ್ಡ್‌ಕ್ಯಾಟ್ ಯಾವ ಜಾತಿದು ಅನ್ನೋದ್ರ ಮೇಲೆ ನಿಲ್ಲತ್ತೆ. ಬರೀ ನೆಕ್ ಬದಲಾಗಿದೆ, ಬಾಡಿ ಶೋಲ್ಡರ್ ಎಲ್ಲ ಮೂಲ ಕೇಸಿಂದೇ ಅಂತಿದ್ರೆ ಜೇಬಿಗೆ ಸುಲಭ. ಮೂಲ ಕಾರ್ಟ್ರಿಜ್‌ನ ಬಾಡಿ ಡೈ, ಅಂದ್ರೆ ನೆಕ್ ಮುಟ್ಟದೆ ಬಾಡಿ ಮತ್ತೆ ಶೋಲ್ಡರ್ ಮಾತ್ರ ಸೈಜ್ ಮಾಡೋದು, ಅದರ ಜೊತೆಗೆ ನೆಕ್‌ಗೆ ಬುಶಿಂಗ್ ಡೈ (ಬುಶಿಂಗ್ ಅನ್ನೋ ಬದಲಾಯಿಸಬಹುದಾದ ಉಂಗುರದಿಂದ ನೆಕ್ ಸೈಜ್ ಮಾಡೋದು), ಎರಡು ಹೆಜ್ಜೆಲಿ ಕೆಲಸ ಮುಗೀತು, ಕಸ್ಟಮ್ ಡೈ ಬೇಕಾಗೇ ಇಲ್ಲ. ಅಕ್ಲಿ ಇಂಪ್ರೂವ್ಡ್ ಜಾತಿದು ಆದ್ರೆ ಹೀಗೆ ನಡೆಯಲ್ಲ. .30-06ರ ಶೋಲ್ಡರ್ ಕೋನ 17.5 ಡಿಗ್ರಿ, ಪಿ. ಓ. ಅಕ್ಲಿ ಜನಪ್ರಿಯ ಮಾಡಿದ ರೂಪದಲ್ಲಿ ಅದು 40 ಡಿಗ್ರಿ, ಬಾಡಿನೂ ಹೆಚ್ಚು ನೇರ. ಅಂಥ ಕೇಸನ್ನ ಮೂಲ ಡೈಗೆ ತುರುಕಿದ್ರೆ ಕಷ್ಟಪಟ್ಟು ಹಿಗ್ಗಿಸಿದ್ದನ್ನೆಲ್ಲ ಮತ್ತೆ ಕುಗ್ಗಿಸಿದ ಹಾಗೆ, ಕೇಸೂ ಸುಕ್ಕು. ಇದಕ್ಕೆ ಅದರದ್ದೇ ಫುಲ್ ಲೆಂತ್ ಡೈ ಬೇಕು. ಸಮಾಧಾನ ಏನಂದ್ರೆ ಹೆಸರುವಾಸಿ ಅಕ್ಲಿಗಳಿಗೆಲ್ಲ ಆರ್‌ಸಿಬಿಎಸ್, ರೆಡ್ಡಿಂಗ್ ತರದವರು ಡೈ ಮಾಡ್ತಾರೆ. ಆದ್ರೆ "ಇಂಪ್ರೂವ್ಡ್" ಅಂತ ಬರೆದಿದ್ದೆಲ್ಲ 40 ಡಿಗ್ರಿ ಅಲ್ಲ, ಕೋನ ಕೇಳ್ಕೊಂಡೇ ದುಡ್ಡು ಕೊಡಿ.

ಮೂರನೇ ಜಾತಿ, ಶೋಲ್ಡರನ್ನ ಬಹಳ ದೂರ ಹಿಂದಕ್ಕೆ ತಳ್ಳಿ ಕೇಸ್ ಮೊಟಕು ಮಾಡಿದ್ದು. ಇದು ತಲೆನೋವಿನದ್ದು. ಒಂದೇ ಏಟಿಗೆ ಅಂತಿಮ ಡೈಗೆ ಹಾಕಿದ್ರೆ ಕೇಸ್ ಕುಸಿದು ಕೂರತ್ತೆ, ಹಾಗಾಗಿ ಮಧ್ಯೆ ಒಂದೋ ಎರಡೋ ಫಾರ್ಮ್ ಡೈ ಬೇಕು, ಹೆಚ್ಚಾದ ಉದ್ದ ಕತ್ತರಿಸೋಕೆ ಟ್ರಿಮ್ ಡೈ ಬೇಕು, ನೆಕ್ ಗೋಡೆ ತೆಳ್ಳಗೆ ಮಾಡೋಕೆ ಒಳಗೆ ರೀಮ್ ಮಾಡೋದೋ ಹೊರಗೆ ಟರ್ನ್ ಮಾಡೋದೋ (ಸುತ್ತಲೂ ಹೆರೆಯೋದು) ಬೇಕೇ ಬೇಕು. ಮೊದಲನೇ ವೈಲ್ಡ್‌ಕ್ಯಾಟ್‌ಗೆ ಇದನ್ನ ಆರಿಸೋರನ್ನ ಕಂಡ್ರೆ ನನಗೆ ಅರ್ಥ ಆಗಲ್ಲ, ಆಮೇಲೆ ಕೇಸ್ ಮಾಡೋದೇ ಕೆಲಸ, ಹೊಡೆಯೋದು ಯಾವಾಗಲೋ ಒಮ್ಮೆ.

ಬುಶಿಂಗ್ ಲೆಕ್ಕಕ್ಕೆ ಬರೋಣ, ಇಲ್ಲಿ ತಪ್ಪು ಮಾಡಿದ್ರೆ ಬರೀ ಕೇಸ್ ಹಾಳಾಗಿ ಮುಗಿಯಲ್ಲ. 6.5 ಮಿಮೀ ಬುಲೆಟ್ ವ್ಯಾಸ 0.264 ಇಂಚು. ನೆಕ್ ಗೋಡೆ ದಪ್ಪ 13 ಥೌ ಅಂತಿಟ್ಕೊಳ್ಳಿ, ಎರಡು ಕಡೆ ಸೇರಿ 26. ಲೋಡ್ ಆದ ನೆಕ್ 0.290. ಚೇಂಬರ್ ನೆಕ್ ಪ್ರಿಂಟ್‌ನಲ್ಲಿ 0.290 ಅಂತಿದ್ರೆ ಜಾಗ ಸೊನ್ನೆ. ಬೋಲ್ಟ್ ಒತ್ತಿದ್ರೆ ಮುಚ್ಚಲೂಬಹುದು, ಅದೇ ಅಪಾಯ. ನೆಕ್ ಹಿಗ್ಗಿ ಬುಲೆಟ್ಟನ್ನ ಬಿಡೋಕೆ ಜಾಗ ಇಲ್ಲದೆ ಪ್ರೆಶರ್ ಸರ್ರನೆ ಏರತ್ತೆ. ನೆಕ್ ಟರ್ನ್ ಮಾಡಿ ಗೋಡೆ 11.5 ಥೌಗೆ ಇಳಿಸಿದ್ರೆ ಲೋಡ್ ಆದ ನೆಕ್ 0.287, ಮೂರು ಥೌ ಜಾಗ, ಸರಿಹೋಯ್ತು. ಇದಕ್ಕೆ ಬುಶಿಂಗ್ 0.285, ಲೋಡ್ ಆದ ನೆಕ್‌ಗಿಂತ ಎರಡು ಥೌ ಚಿಕ್ಕದು. ಎಕ್ಸ್‌ಪ್ಯಾಂಡರ್ ಅಥವಾ ಮ್ಯಾಂಡ್ರೆಲ್ (ನೆಕ್ಕನ್ನ ಒಳಗಿಂದ ಹಿಗ್ಗಿಸೋ ಸಾಧನ) ಹಾಕಿ ಮುಗಿಸ್ತೀರ ಅಂದ್ರೆ ಇನ್ನೊಂದು ಥೌ ಚಿಕ್ಕದು ತಗೊಳ್ಳಿ. ಬುಶಿಂಗ್‌ಗಳು ಒಂದೊಂದು ಥೌ ಅಂತರದಲ್ಲಿ ಸಿಗ್ತವೆ, ಅಕ್ಕಪಕ್ಕದ್ದು ಎರಡು ಮೂರು ಒಟ್ಟಿಗೇ ತಂದಿಟ್ಕೊಳ್ಳೋದು ಜಾಣತನ, ಯಾಕಂದ್ರೆ ಹಿತ್ತಾಳೆ ಗಟ್ಟಿಯಾಗ್ತಾ ಹೋದ ಹಾಗೆ ವಾಪಸ್ ಚಿಮ್ಮೋದು ಜಾಸ್ತಿ ಆಗತ್ತೆ, ಹೊಸ ಕೇಸಿಗೆ ಸರಿಯಾಗಿದ್ದ ಬುಶಿಂಗ್ ಐದನೇ ಫೈರಿಂಗ್‌ಗೆ ಸಡಿಲ ಅನ್ಸತ್ತೆ. ಒಂದೇ ಸಲಕ್ಕೆ ನೆಕ್ ಐದು ಥೌಗಿಂತ ಜಾಸ್ತಿ ಇಳಿಸ್ಬೇಕಾದ್ರೆ ಎರಡು ಬುಶಿಂಗಲ್ಲಿ ಇಳಿಸಿ, ಇಲ್ಲಾಂದ್ರೆ ನೆಕ್ ವಾರೆ ಆಗತ್ತೆ.

ನೆಕ್ ಟರ್ನ್ ಮಾಡೋಕೆ ಮುಂಚೆ ಹಿತ್ತಾಳೆ ಯಾವ ದಾರಿಲಿ ಬಂದಿದೆ ಅಂತ ನೆನಪಿಡಿ. ನೆಕ್ ಕುಗ್ಗಿಸಿದ್ರೆ ಗೋಡೆ ದಪ್ಪ ಆಗತ್ತೆ, ಹಿಗ್ಗಿಸಿದ್ರೆ ತೆಳ್ಳಗಾಗತ್ತೆ ಮತ್ತೆ ಕೇಸ್ ಸ್ವಲ್ಪ ಗಿಡ್ಡ ಆಗತ್ತೆ. ಶೋಲ್ಡರ್ ಹಿಂದಕ್ಕೆ ತಳ್ಳಿದಾಗ ಮೊದಲು ಶೋಲ್ಡರ್ ಆಗಿದ್ದ ದಪ್ಪ ಹಿತ್ತಾಳೆ ಈಗ ನೆಕ್ಕಿನ ಬುಡ ಆಗಿರತ್ತೆ, ಒಳಗಡೆ ಉಬ್ಬಿಕೊಂಡು ಉಂಗುರದ ತರ ಕೂರತ್ತೆ. ಇದನ್ನೇ ಡೋನಟ್ ಅನ್ನೋದು. ಬುಲೆಟ್ ಬುಡ ಆ ಉಂಗುರದ ತನಕ ಇಳಿದ್ರೆ ಒಂದೊಂದು ರೌಂಡಲ್ಲಿ ಒಂದೊಂದು ತರ ಬಿಗಿ, ಗುರಿ ಚದುರೋದು ಅಲ್ಲಿಂದಲೇ ಶುರು. ಮ್ಯಾಂಡ್ರೆಲ್ ಹಾಕಿ ಉಬ್ಬನ್ನ ಹೊರಕ್ಕೆ ತಳ್ಳಿ, ಆಮೇಲೆ ಹೊರಗಿಂದ ಟರ್ನ್ ಮಾಡುವಾಗ ಕಟರ್ ಶೋಲ್ಡರ್ ಅಂಚನ್ನ ಒಂಚೂರು ಸೋಕೋ ಹಾಗೆ ಬಿಟ್ರೆ ಬಹುಪಾಲು ಹೋಗತ್ತೆ. ಅದೇ ಒಂಚೂರು ಜಾಸ್ತಿ ಆದ್ರೆ ನೆಕ್ ಶೋಲ್ಡರ್ ಸೇರೋ ಜಾಗ ತೆಳ್ಳಗಾಗಿ ಅಲ್ಲೇ ಕತ್ತರಿಸಿಹೋಗತ್ತೆ.

ಇನ್ನು ಹೊಸ ಕೇಸನ್ನ ಮೊದಲ ಸಲ ಹೊಡೆಯೋದು, ಫೈರ್‌ಫಾರ್ಮಿಂಗ್. ಇಲ್ಲಿ ಒಂದೇ ನಿಯಮ, ಕೇಸಿನ ಬುಡ ಬೋಲ್ಟ್‌ಗೆ ಅಂಟಿ ನಿಂತಿರ್ಬೇಕು, ಮುಂದೆ ಯಾವುದೋ ಒಂದು ಜಾಗ ಚೇಂಬರನ್ನ ಮುಟ್ಟಿರ್ಬೇಕು. ಅಕ್ಲಿ ಚೇಂಬರನ್ನ ಸರಿಯಾಗಿ ಕೊರೆದಿದ್ರೆ ಹೆಡ್‌ಸ್ಪೇಸ್ (ಬೋಲ್ಟ್ ಮುಖದಿಂದ ಕೇಸ್ ತಾಗಿ ನಿಲ್ಲೋ ಜಾಗದ ತನಕದ ದೂರ) ಮೂಲಕ್ಕಿಂತ ನಾಲ್ಕು ಥೌ ಕಮ್ಮಿ ಇರತ್ತೆ, ಮೂಲ ಫ್ಯಾಕ್ಟರಿ ರೌಂಡ್ ನೆಕ್ ಶೋಲ್ಡರ್ ಸೇರೋ ಜಾಗದಲ್ಲಿ ಸ್ವಲ್ಪ ಬಿಗಿಯಾಗಿ ಕೂರತ್ತೆ, ಹಾಗೇ ಹೊಡೆದ್ರೆ ಹೊಸ ರೂಪ ಬರತ್ತೆ. ಆದ್ರೆ ಫ್ಯಾಕ್ಟರಿ ಬ್ಯಾರಲನ್ನ ಹಿಂದಕ್ಕೆ ಸರಿಸದೆ ಇದ್ದಲ್ಲೇ ಅಕ್ಲಿ ರೀಮರ್ ಓಡಿಸಿದ್ರೆ ಆ ಬಿಗಿ ಇರಲ್ಲ, ಕೇಸ್ ಬುಡದ ಹತ್ರ ಎಳೆದು ಮೊದಲ ಫೈರಿಂಗಲ್ಲೇ ಅರ್ಧ ಆಯಸ್ಸು ಮುಗಿಸಿರತ್ತೆ. ಶೋಲ್ಡರ್ ಮುಂದೆ ಸರಿಯೋ ಡ್ಯಾಷರ್ ಅನ್ನೋ ಕಾರ್ಟ್ರಿಜ್ ತರದವಕ್ಕೆ ಫಾಲ್ಸ್ ಶೋಲ್ಡರ್ ಮಾಡ್ತಾರೆ: ನೆಕ್ಕನ್ನ ಮೊದಲು ಒಂದು ಅಳತೆ ಹಿಗ್ಗಿಸಿ, ಆಮೇಲೆ ಡೈನಲ್ಲಿ ಮೇಲಿಂದ ಸ್ವಲ್ಪ ಸ್ವಲ್ಪವೇ ಕುಗ್ಗಿಸ್ತಾ ಬಂದು, ಬೋಲ್ಟ್ ಕೈಗೆ ತುಸು ಬಿಗಿ ಕೊಟ್ಟು ಮುಚ್ಚೋ ಜಾಗಕ್ಕೆ ನಿಲ್ಲಿಸೋದು. ನೆಕ್‌ನಲ್ಲಿ ಉಳಿದ ಆ ಚಿಕ್ಕ ಮೆಟ್ಟಿಲೇ ಕೇಸನ್ನ ಹಿಂದಕ್ಕೆ ಒತ್ತಿ ಹಿಡಿಯೋದು. ಬುಲೆಟ್ಟನ್ನ ರೈಫ್ಲಿಂಗ್‌ಗೆ ತಾಗಿಸಿ ಅದರ ಬಲದಲ್ಲೇ ಕೇಸ್ ಹಿಡಿಸೋ ಇನ್ನೊಂದು ದಾರಿ ಇದೆ, ನೆಕ್ ಬಿಗಿ ಚೆನ್ನಾಗಿದ್ರೆ ನಡೆಯತ್ತೆ, ನನಗೆ ಫಾಲ್ಸ್ ಶೋಲ್ಡರ್ ಮೇಲೇ ನಂಬಿಕೆ ಜಾಸ್ತಿ. ಪೌಡರ್ ಎಷ್ಟು ಅಂತ ಇಲ್ಲಿ ಬರೆಯಲ್ಲ, ನೆಕ್ ಜಾಗ, ಕೇಸ್ ದಪ್ಪ, ಒಳಗಿನ ಜಾಗ ಮೂರೂ ರೈಫಲ್‌ನಿಂದ ರೈಫಲ್‌ಗೆ ಬೇರೆ ಆಗೋವಾಗ ಒಬ್ಬರ ಲೋಡ್ ಇನ್ನೊಬ್ಬರಿಗೆ ಕೊಡೋದು ಸರಿಯಲ್ಲ.

ಹಿತ್ತಾಳೆ ಹದದ ಬಗ್ಗೆ. ಕಾರ್ಟ್ರಿಜ್ ಹಿತ್ತಾಳೆಲಿ 70 ಪಾಲು ತಾಮ್ರ, 30 ಪಾಲು ಸತು. ಬಗ್ಗಿಸಿದಷ್ಟೂ ಗಟ್ಟಿ ಆಗ್ತಾ ಹೋಗತ್ತೆ, ವೈಲ್ಡ್‌ಕ್ಯಾಟ್‌ನಲ್ಲಿ ಹೊಡೆಯೋಕೆ ಮುಂಚೇನೇ ಹಿಗ್ಗಿಸಿ ಕುಗ್ಗಿಸಿ ಸಾಕಷ್ಟು ಗಟ್ಟಿ ಮಾಡಿರ್ತೀವಿ, ಹಾಗಾಗಿ ನೆಕ್ ಶೋಲ್ಡರನ್ನ ಕಾಯಿಸಿ ಮೆತ್ತಗೆ ಮಾಡೋದು ಇಲ್ಲಿ ಐಚ್ಛಿಕ ಅಲ್ಲ. ಫಾರ್ಮಿಂಗ್ ಶುರು ಮಾಡೋಕೆ ಮುಂಚೆ ಒಮ್ಮೆ, ದೊಡ್ಡ ಬದಲಾವಣೆ ಆದ್ರೆ ಮಧ್ಯೆ ಇನ್ನೊಮ್ಮೆ. ಮಾಡದೆ ಇದ್ರೆ ನೆಕ್ ಸೀಳತ್ತೆ, ಸೀಳದೆ ಇದ್ರೂ ಒಂದೇ ಡೈ ಸೆಟ್ಟಿಂಗಲ್ಲಿ ಒಂದು ಕೇಸ್ ಶೋಲ್ಡರ್ ಒಂದು ಥೌ ಹಿಂದೆ, ಇನ್ನೊಂದು ಮೂರು ಥೌ ಹಿಂದೆ ಬರತ್ತೆ, ಆಗ ಎಲ್ಲರೂ ಬೈಯೋದು ಡೈಯನ್ನ. ಬುಡ ಮಾತ್ರ ಯಾವ ಕಾರಣಕ್ಕೂ ಕಾಯಬಾರದು. ಪ್ರೆಶರ್ ಪೂರ್ತಿ ತಡೆಯೋದು ಬುಡದ ಗಟ್ಟಿತನ, ಅದು ಮೆತ್ತಗಾದ ಕೇಸ್ ಮುಖದ ಮುಂದೆ ಸ್ಫೋಟ ಆಗೋ ವಸ್ತು. ಕೇಸ್ ಪೂರ್ತಿ ಒಲೆಗೆ ಹಾಕಿ ಕಾಯಿಸೋ ಐಡಿಯಾ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ.

ಲ್ಯೂಬ್ (ಕೇಸ್ ಡೈಲಿ ಸಿಕ್ಕದ ಹಾಗೆ ಹಚ್ಚೋ ಜಿಡ್ಡು) ಬಗ್ಗೆ ಬೇಗ ಹೇಳಿ ಮುಗಿಸ್ತೀನಿ: ಫಾರ್ಮಿಂಗ್‌ಗೆ ಸೈಜಿಂಗ್ ವ್ಯಾಕ್ಸೋ ಲ್ಯಾನೋಲಿನ್ ತರದ್ದೋ ಒಳ್ಳೇದು, ಬಾಡಿಗೆ ಧಾರಾಳವಾಗಿ, ಶೋಲ್ಡರ್‌ಗೆ ಬಹಳ ಕಮ್ಮಿ, ಇಲ್ಲಾಂದ್ರೆ ಅಲ್ಲಿ ಸಿಕ್ಕಿಬಿದ್ದ ಜಿಡ್ಡು ಕೇಸನ್ನ ತಗ್ಗು ಮಾಡತ್ತೆ. ನೆಕ್ ಒಳಗೂ ಸ್ವಲ್ಪ ಸವರಿ.

ಡೈ ಸೆಟ್ ಮಾಡೋದಕ್ಕೆ ಡೈ ಜೊತೆ ಬರೋ ಚೀಟಿ, "ಶೆಲ್ ಹೋಲ್ಡರ್ (ಕೇಸಿನ ಬುಡ ಹಿಡಿಯೋ ಭಾಗ) ಮುಟ್ಟೋ ತನಕ ತಿರುಗಿಸಿ ಮತ್ತೆ ಕಾಲು ಸುತ್ತು" ಅನ್ನೋದು, ವೈಲ್ಡ್‌ಕ್ಯಾಟ್‌ಗೆ ಉಪಯೋಗ ಇಲ್ಲ. ಡೈ ಥ್ರೆಡ್ ಸಾಮಾನ್ಯವಾಗಿ ಇಂಚಿಗೆ 14, ಅಂದ್ರೆ ಒಂದು ಸುತ್ತಿಗೆ ಸುಮಾರು 71 ಥೌ, ಕಾಲು ಸುತ್ತು ಅಂದ್ರೆ 18 ಥೌ. ನಮಗೆ ಬೇಕಿರೋದು ಎರಡು ಥೌ. ಡೈ ಮೇಲೆ ಇಟ್ಟು ಶುರು ಮಾಡಿ, ಪ್ರತಿ ಸಲ ಕೂದಲೆಳೆಯಷ್ಟು ಇಳಿಸಿ, ಕಂಪೇರೇಟರಲ್ಲಿ (ಬುಡದಿಂದ ಶೋಲ್ಡರ್ ತನಕ ಅಳೆಯೋ ಸಾಧನ) ಅಳೀರಿ, ಫೈರಿಂಗ್ ಪಿನ್ ಮತ್ತೆ ಎಜೆಕ್ಟರ್ ತೆಗೆದ ಬೋಲ್ಟ್‌ನಲ್ಲಿ ಹಾಕಿ ನೋಡಿ. ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಬಿದ್ದ ಕ್ಷಣ ನಿಲ್ಲಿಸಿ ಲಾಕ್ ಮಾಡಿ. ಡೈ ಪೂರ್ತಿ ಶೆಲ್ ಹೋಲ್ಡರ್‌ಗೆ ಮುಟ್ಟಿದ್ರೂ ಶೋಲ್ಡರ್ ಹಿಂದೆ ಹೋಗ್ತಿಲ್ಲ ಅಂದ್ರೆ ಆ ಡೈ ನಿಮ್ಮ ಚೇಂಬರ್‌ಗೆ ಉದ್ದ, ಶೆಲ್ ಹೋಲ್ಡರ್ ಮೇಲ್ಮೈ ಸ್ವಲ್ಪ ಉಜ್ಜಿಸ್ಬೇಕು ಇಲ್ಲಾ ಡೈ ಬಾಯಿ ಕಡೆ ಕಮ್ಮಿ ಮಾಡಿಸ್ಬೇಕು. ಉಲ್ಟಾ, ವಿಪರೀತ ಹಿಂದೆ ಹೋಗ್ತಿದೆ ಅಂದ್ರೆ ಎರಡೆರಡು ಥೌ ಎತ್ತರಿಸಿದ ಶೆಲ್ ಹೋಲ್ಡರ್ ಸೆಟ್ ಸಿಗತ್ತೆ, ಡೈ ಮುಟ್ಟಿಸ್ಕೊಂಡೇ ಬಿಗಿಯಾಗಿ ಕೆಲಸ ಮಾಡ್ಬಹುದು.

ಯಾವ ರೆಡಿ ಡೈಯೂ ಹೊಂದ್ಲಿಲ್ಲ ಅಂದ್ರೆ ಕಸ್ಟಮ್. ಮಾಡೋರು ಕೇಳೋದು ರೀಮರ್ ಪ್ರಿಂಟ್ ಇಲ್ಲಾ ಹೊಡೆದ ಎರಡು ಮೂರು ಕೇಸ್. ಕೇಸ್ ಕಳಿಸೋದಾದ್ರೆ ಪೂರ್ತಿ ಲೋಡಲ್ಲಿ ಹೊಡೆದು ರೂಪ ಬಂದಿರೋದನ್ನ, ಕೊನೇ ಫೈರಿಂಗ್ ಆದ ಮೇಲೆ ಯಾವ ಡೈಗೂ ಹಾಕದೆ ಕಳಿಸಿ, ಪ್ರೈಮರ್ ತೆಗೆಯೋಕೆ ಅಂತ ಸೈಜಿಂಗ್ ಡೈಗೆ ಹಾಕಿದ್ರೂ ಆ ಅಳತೆ ಹೋಯ್ತು. ಲೋಡ್ ಆದ ನೆಕ್ ವ್ಯಾಸ ಎಷ್ಟು ಅಂತ ಜೊತೆಗೆ ಬರೆದು ಕಳಿಸಿ, ಹೊಡೆದ ಕೇಸಿನ ನೆಕ್ ವ್ಯಾಸ ಒಂದೇ ನೋಡಿದ್ರೆ ಅದು ಗೊತ್ತಾಗಲ್ಲ.

ಆಮೇಲೆ ಕೇಸ್ ಬುಡದ ಮೇಲಿನ ಅಚ್ಚು. ಎಷ್ಟೇ ರೂಪ ಬದಲಾದ್ರೂ ಅಲ್ಲಿ ಮೂಲ ಕಾರ್ಟ್ರಿಜ್ ಹೆಸರೇ ಇರತ್ತೆ, ಒಂದೇ ಮೂಲದಿಂದ ಎರಡು ವೈಲ್ಡ್‌ಕ್ಯಾಟ್ ಮಾಡ್ಕೊಂಡಿದ್ರೆ ಮೂರೂ ತರದ ಕೇಸ್ ಮೇಲೆ ಒಂದೇ ಅಕ್ಷರ. ಡಬ್ಬಿ ಮೇಲೆ ಪೂರ್ತಿ ಹೆಸರು, ನೆಕ್ ವ್ಯಾಸ, ಯಾವ ಬ್ಯಾರಲ್‌ದು ಅಂತ ಬರೆದಿಡಿ, ಬುಡದ ಮೇಲೆ ಮಾರ್ಕರಲ್ಲಿ ಬಣ್ಣ ಹಚ್ಚಿ, ಬೆಂಚ್ ಮೇಲೆ ಒಂದು ಹೊತ್ತಿಗೆ ಒಂದೇ ತರದ್ದು ಇರಲಿ. ಬ್ಯಾರಲ್ ಮೇಲೂ ವೈಲ್ಡ್‌ಕ್ಯಾಟ್ ಹೆಸರು, ನೆಕ್ ಅಳತೆ ಕೊರೆಸಿ, ಮುಂದೆ ಆ ರೈಫಲ್ ಯಾರ ಕೈಗೆ ಹೋಗತ್ತೋ ಅವರಿಗೆ ಪ್ರಿಂಟ್ ಇರಲ್ಲ.